ಅಳಿಲಿಗೊಂದು ಚಕ್ಕುಬಂದಿ

ಜಾಗ ತೋರಿಸುವುದೇ ನನ್ನ ಕಸುಬಾಗಿತ್ತು. ಸರ್ವೆ ಕೆಲಸದಲ್ಲಿದ್ದಷ್ಟು ವರ್ಷವೂ ಅರಸೀಕೆರೆ, ಬೇಲೂರು ಕಡೆಯ ಹೊಲ, ತೋಟ, ಗದ್ದೆಗಳ ಬದುವಿನ ಮೇಲೆ ನಿಂತು ‘ನಿನ್ನದು ಇಲ್ಲಿಗೆ ಮುಗಿಯಿತು, ಅವನದು ಇಲ್ಲಿಂದ ಶುರು’ ಎಂದು ಹೇಳುತ್ತ ಬಂದೆ. ಎರಡೂ ಕಡೆಯವರು ಬೈದರೆ ಅಳತೆ ಸರಿಯಾಗಿದೆ, ಒಬ್ಬನೇ ಬೈದರೆ ಇನ್ನೊಮ್ಮೆ ನೋಡಬೇಕು, ಇದು ನಾನು ಕಂಡುಕೊಂಡಿದ್ದ ಸೂತ್ರ. ಇಂಥ ಅನುಭವಸ್ಥನಿಗೆ ನಿವೃತ್ತಿಯಾದ ಮೇಲೆ ಎರಡು ಅಳಿಲುಗಳಿಗೆ ಬದುಕಲು ಒಂದು ಜಾಗ ಹುಡುಕಿಕೊಡಲು ಆಗಲಿಲ್ಲ ಎಂದರೆ ನಗಬೇಡಿ. ನಗಲೇಬೇಕೆಂದಿದ್ದರೆ ಸ್ವಲ್ಪ ತಡೆಯಿರಿ, ಇದಕ್ಕಿಂತ ಒಳ್ಳೆಯ ಕಾರಣ ಮುಂದಿದೆ.

ಅರಸೀಕೆರೆಯ ನಮ್ಮ ಪಕ್ಕದ ಮನೆಯವರು ತೆಂಗಿನಮರದ ಒಣಗರಿ ಕೀಳಿಸಿದಾಗ, ಗರಿಯ ಜೊತೆ ಗೂಡೂ ನಮ್ಮ ಕಾಂಪೌಂಡಿನೊಳಗೆ ಬಿತ್ತು. ಕಣ್ಣು ಬಿಡದ, ಮೈಮೇಲೆ ಕೂದಲಿಲ್ಲದ, ಬೆರಳಿನಷ್ಟು ದಪ್ಪದ ಮರಿಗಳು. ಮೂರು ಇದ್ದವು ಎಂದು ನನ್ನ ನೆನಪು. ಮೂರನೆಯದು ಬಿದ್ದ ಏಟಿಗೆ ಸತ್ತಿತು, ಅದನ್ನು ದಾಸವಾಳದ ಬುಡದಲ್ಲಿ ಮಣ್ಣು ಮಾಡಿ ನಾನು ಒಂದು ನಿಮಿಷ ಕೈಮುಗಿದು ನಿಂತಿದ್ದೆ. ನನ್ನ ಹೆಂಡತಿ ಗಿರಿಜಾ ಮರಿ ಎರಡೇ ಇದ್ದವು, ನಾನು ಮಣ್ಣು ಮಾಡಿದ್ದು ಗೂಡಿನ ನಾರಿನ ಉಂಡೆ ಎನ್ನುತ್ತಾಳೆ. ಅಗೆದು ನೋಡಿ ತೀರ್ಮಾನ ಮಾಡಲು ಇಬ್ಬರಿಗೂ ಧೈರ್ಯವಿಲ್ಲ. ನನ್ನ ನೆನಪು ಬಹಳ ಅಚ್ಚುಕಟ್ಟು. ಹಾಸಿದ ಜಮಖಾನದ ಹಾಗೆ ಒಂದು ಸುಕ್ಕೂ ಇರುವುದಿಲ್ಲ. ಅದಕ್ಕೇ ನನಗೆ ಅದರ ಮೇಲೆ ಅನುಮಾನ. ನಡೆದದ್ದು ಯಾವತ್ತೂ ಅಷ್ಟು ನೀಟಾಗಿ ನಡೆದಿರುವುದಿಲ್ಲ. ಆದ್ದರಿಂದ ಮುಂದಿನದನ್ನೆಲ್ಲ ಓದುವಾಗ ಗಿರಿಜಾಳದೂ ಒಂದು ಪ್ರತಿ ಬೇರೆ ಇದೆ ಎಂದು ತಿಳಿದಿರಿ.

ಗಿರಿಜಾ ಇಡೀ ಉದ್ಯೋಗವನ್ನು ಒಂದನೇ ತರಗತಿಯಲ್ಲೇ ಕಳೆದು ನಿವೃತ್ತಳಾದ ಟೀಚರು. ಅಳುವವರು, ಉಚ್ಚೆ ಹೊಯ್ದುಕೊಳ್ಳುವವರು, ಊಟ ಬೇಡವೆನ್ನುವವರು ಇವರೆಲ್ಲರ ವಿಷಯದಲ್ಲಿ ಅವಳದು ಪಳಗಿದ ಕೈ. ಇಂಕ್ ಫಿಲ್ಲರಿನಲ್ಲಿ ಎರಡೆರಡು ಗಂಟೆಗೊಮ್ಮೆ ಮೇಕೆಹಾಲು ಕುಡಿಸಿದಳು, ಒದ್ದೆ ಹತ್ತಿಯಲ್ಲಿ ಒರೆಸಿ ಉಚ್ಚೆ ಮಾಡಿಸಿದಳು, ನನ್ನ ಉಣ್ಣೆಯ ಮಂಕಿಕ್ಯಾಪಿನಲ್ಲಿ ಮಲಗಿಸಿದಳು. ಹೆಸರು ಮಾತ್ರ ಇಡಬಾರದೆಂದು ಕಟ್ಟಪ್ಪಣೆ. ಹೆಸರಿಟ್ಟರೆ ಬಿಟ್ಟುಬರಲಾಗುವುದಿಲ್ಲವಂತೆ. ಸರಿ, ನಾನು ನಮ್ಮ ಮನೆಯ ನಂಬರು ನಲವತ್ತೊಂದನ್ನು ಪೋಡಿ ಮಾಡಿ, ಅಂದರೆ ಸರ್ವೆ ಲೆಕ್ಕದಲ್ಲಿ ಎರಡು ಭಾಗ ಮಾಡಿ, ೪೧/೧, ೪೧/೨ ಎಂದು ಕರೆದೆ. ಅವಳು ಅಡುಗೆಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ‘ಬಾರೇ ಬಂಗಾರಿ, ಬಾರೇ ಚಿನ್ನು’ ಎನ್ನುತ್ತಿದ್ದುದು ನನ್ನ ಕಿವಿಗೆ ಬೀಳುತ್ತಿತ್ತು.

ಮರಿಗಳು ಕಣ್ಣು ಬಿಟ್ಟವು, ಬಾಲ ಪೊದೆಯಾಯಿತು, ಪಂಜರದ ಸರಳು ಕಡಿಯತೊಡಗಿದವು. ಪಶುವೈದ್ಯರಿಗೆ ತೋರಿಸಿದೆವು. ಅವರು ಕನ್ನಡಕ ಮೇಲೆತ್ತಿ, ‘ಬೇಗ ಬಿಟ್ಟುಬಿಡಿ ಮೇಡಮ್. ಇನ್ನೂ ತಿಂಗಳು ಇಟ್ಟುಕೊಂಡರೆ ಇವು ನಿಮ್ಮ ಮನೆಯ ಕುರ್ಚಿ ಮೇಜಿನ ಹಾಗೆ ಆಗಿಬಿಡ್ತವೆ’ ಎಂದರು. ಸುಮ್ಮನೆ ಒಯ್ದು ಬಾಗಿಲು ತೆಗೆಯುವ ಹಾಗೂ ಇಲ್ಲವಂತೆ. ಪಂಜರವನ್ನು ಮರಕ್ಕೆ ಕಟ್ಟಬೇಕು, ನಾಲ್ಕೈದು ದಿನ ಅಲ್ಲೇ ಇಟ್ಟು ಆಮೇಲೆ ಬಾಗಿಲು ತೆಗೆಯಬೇಕು, ಹೊರಗಿನ ಊಟ ಹುಡುಕಿಕೊಳ್ಳುವವರೆಗೆ ದಿನವೂ ಯಾರಾದರೂ ಕಾಳುಕಡ್ಡಿ ಇಡಬೇಕು. ಬೆಕ್ಕು, ನಾಯಿ ಇರಬಾರದು. ಬೇರೆ ಅಳಿಲುಗಳು ಇರಬೇಕು. ಹಣ್ಣಿನ ಮರ ಬೇಕು. ‘ಜಾಗ ನೋಡೋದು ನಮ್ಮ ಯಜಮಾನ್ರಿಗೆ ಬಿಡಿ ಡಾಕ್ಟ್ರೇ’ ಎಂದಳು ಗಿರಿಜಾ. ನಾನು ಹೆಮ್ಮೆಯಿಂದ ತಲೆಯಾಡಿಸಿದೆ. ಹಾಗೆಂದು ನನ್ನ ನೆನಪು. ಅವಳ ಪ್ರತಿಯಲ್ಲಿ ನಾನು ಹೊರಗೆ ಸ್ಕೂಟರಿನವನ ಹತ್ತಿರ ಜಗಳವಾಡುತ್ತಿದ್ದೆ.

ಜಮೀನಿನ ಪತ್ರಗಳಲ್ಲಿ ನಾಲ್ಕು ದಿಕ್ಕಿಗೂ ಯಾರು ಯಾರಿದ್ದಾರೆ ಎಂದು ಬರೆಯುತ್ತಾರಲ್ಲ, ಅದಕ್ಕೆ ಚಕ್ಕುಬಂದಿ ಎನ್ನುತ್ತೇವೆ. ಮೊದಲು ನಮ್ಮ ಹಿತ್ತಲಿನ ಚಕ್ಕುಬಂದಿ ಬರೆದೆ. ಪೂರ್ವಕ್ಕೆ ಬಾಣಂತಿ ಬೆಕ್ಕು. ಪಶ್ಚಿಮಕ್ಕೆ ಮೇಷ್ಟ್ರ ಮನೆಯ ಕಂದು ನಾಯಿ. ಉತ್ತರಕ್ಕೆ ಅದೇ ಬೆಕ್ಕಿನ ಗಂಡ. ದಕ್ಷಿಣಕ್ಕೆ ಲಾರಿಗಳು ಓಡಾಡುವ ರಸ್ತೆ. ಗಿರಿಜಾ ಓದಿ, ಹೋಂವರ್ಕಿನ ಹಾಗೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಕೊಟ್ಟಳು. ಅಲ್ಲಿಂದ ಮುಂದೆ ಕರಾರು ಖಚಿತವಾಯಿತು: ಜಾಗ ನಾನು ತೋರಿಸಬಹುದು, ಬಾಗಿಲು ತೆಗೆಯುವವಳು ಅವಳು. ಅವಳಿಗೆ ಒಪ್ಪಿಗೆಯಾಗದೆ ಚಿಲಕ ಸರಿಯುವುದಿಲ್ಲ.

ಬಾಣಾವರದಲ್ಲಿ ಗಿರಿಜಾಳ ತಮ್ಮ ಪರಮೇಶಿಗೆ ದೊಡ್ಡ ತೆಂಗಿನ ತೋಟವಿದೆ. ನೆರಳು, ನೀರು, ಬೇಲಿ ಎಲ್ಲ ಉಂಟು. ಹತ್ತಿರದವನು, ಮಾತು ತೆಗೆದುಹಾಕುವುದಿಲ್ಲ ಎಂದುಕೊಂಡು ಹೋದೆವು. ಕಾಫಿ ಕುಡಿಯುವವರೆಗೆ ಎಲ್ಲ ಚೆನ್ನಾಗಿತ್ತು. ಅಳಿಲು ಎಂದ ಕೂಡಲೇ ಲೋಟ ಕೆಳಗಿಟ್ಟ.

‘ಭಾವ, ಬೇರೆ ಏನಾದ್ರೂ ಕೇಳಿ. ಚಿರತೆ ಬಿಡ್ತೀನಿ ಅನ್ನಿ, ನಾನೇ ಗೇಟ್ ತೆಗೀತೀನಿ. ಅಳಿಲು ಬ್ಯಾಡ.’

‘ಎರಡೇ ಎರಡು ಕಣೋ’ ಎಂದಳು ಗಿರಿಜಾ.

‘ಎರಡರಿಂದಲೇ ಅಕ್ಕ ಎಲ್ಲಾ ಶುರುವಾಗೋದು.’ ಎದ್ದು ಹೋಗಿ, ನಿಂಬೆಹಣ್ಣಿನ ಗಾತ್ರದ ತೂತು ಬಿದ್ದ ಎಳನೀರುಗಳನ್ನು ಒಂದು ಮಂಕರಿ ತುಂಬ ತಂದು ನಮ್ಮ ಮುಂದೆ ಸುರಿದ. ‘ನೋಡು. ಇವಕ್ಕೆ ಬಾಯಿದ್ದಿದ್ರೆ ನಿನ್ನ ಹತ್ರ ಅಳ್ತಿದ್ವು.’

ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದೂ ನಾನು ಯೋಚಿಸದೆ ಇದ್ದದ್ದು ಇದು. ನಮ್ಮ ಮನೆಯ ಮಂಕಿಕ್ಯಾಪಿನಲ್ಲಿ ಮಲಗಿದ್ದು ಕೂಸು, ಬಾಣಾವರದ ತೋಟದಲ್ಲಿ ಅದೇ ಕಳ್ಳ. ಪರಮೇಶಿ ಬೋನಿಟ್ಟು ಅಳಿಲು ಹಿಡಿದು ರೈಲು ಹಳಿಯ ಆಚೆ ಬಿಟ್ಟುಬರುತ್ತಾನಂತೆ. ಹಳಿಯ ಆಚೆ ಇರುವುದು ಇನ್ನೊಬ್ಬರ ತೋಟ. ಅವರೂ ಹಿಡಿದು ಈಚೆಗೆ ತಂದು ಬಿಡುತ್ತಾರೆಂದು ಪರಮೇಶಿಯ ಗುಮಾನಿ, ಏಕೆಂದರೆ ಮೊಂಡುಬಾಲದ ಒಂದು ಅಳಿಲನ್ನು ಅವನು ಮೂರು ಸಲ ಹಿಡಿದಿದ್ದಾನೆ. ‘ಆ ನನ್ಮಗನಿಗೆ ರೈಲಿನ ಟೈಮೆಲ್ಲ ಬಾಯಿಪಾಠ ಆಗಿರ್ಬೇಕು ಭಾವ’ ಎಂದ. ಗಿರಿಜಾ ತಮ್ಮನ ಮನೆಯಲ್ಲಿ ಊಟಕ್ಕೂ ನಿಲ್ಲದೆ ಹೊರಟಳು.

ಮುಂದಿನ ಜಾಗ ಹಳೇಬೀಡು. ದೇವಸ್ಥಾನದ ಸುತ್ತ ಹುಲ್ಲುಹಾಸು, ಮರಗಳು, ತೆಂಗು ಬೆಳೆಯುವ ಬಂಧುಗಳು ಯಾರೂ ಇಲ್ಲ. ಪಂಜರ ಮನೆಯಲ್ಲೇ ಬಿಟ್ಟು ಬರೀ ಸ್ಥಳ ಪರಿಶೀಲನೆಗೆ ಹೋದೆವು. ನಾನು ಪುಸ್ತಕ ತೆಗೆದು ಮರಗಳನ್ನು ಎಣಿಸುತ್ತಿದ್ದೆ. ಗಿರಿಜಾ ಒಂದು ಬೆಂಚಿನ ಮೇಲೆ ಕೂತು ಅಲ್ಲಿನ ಅಳಿಲುಗಳನ್ನು ನೋಡುತ್ತಿದ್ದಳು. ಕಲ್ಲಿನ ಆನೆಗಳ ಸಾಲಿನ ಮೇಲೆ ಓಡುತ್ತ ಬಂದ ಒಂದು ಅಳಿಲು, ಪ್ರವಾಸಕ್ಕೆ ಬಂದಿದ್ದವರ ಕೈಯಿಂದ ಚಿಪ್ಸು ತೆಗೆದುಕೊಂಡು, ಅವರು ಮೊಬೈಲು ಹಿಡಿಯುವವರೆಗೆ ಕಾದು, ಆಮೇಲೆ ತಿಂದಿತು. ‘ರೀ, ಇವು ಉದ್ಯೋಗಸ್ಥ ಅಳಿಲುಗಳು’ ಎಂದಳು. ‘ನಮ್ಮವಕ್ಕೆ ಇಲ್ಲಿ ಕೆಲಸ ಸಿಗಲ್ಲ, ಸಿಕ್ಕಿದರೂ ಬೇಡ.’ ಪುಸ್ತಕ ಮುಚ್ಚಿದೆ.

ಆಮೇಲೆ ನಾನೇ ಜಾಣತನ ಮಾಡಿ, ಬೇಲೂರು ದಾಟಿ ಅರೇಹಳ್ಳಿ ಕಡೆ ಹೋದರೆ ಕಾಫಿ ತೋಟಗಳ ಮಧ್ಯೆ ಕಾಡುಮರಗಳೇ ಮರಗಳು ಎಂದೆ. ಈ ಸಲ ಪಂಜರವನ್ನೂ ಹಿಂದಿನ ಸೀಟಿನಲ್ಲಿಟ್ಟು, ಮೇಲೆ ಗಿರಿಜಾಳ ಹಳೇ ಸೀರೆ ಮುಚ್ಚಿ ಹೊರಟೆವು. ಊರು ಸಮೀಪಿಸಿ ಒಂದು ತೋಟದ ರಸ್ತೆಗೆ ಕಾರು ತಿರುಗಿಸಿದ್ದೇ ತಡ, ಇಬ್ಬರು ಗಂಡಸರು ಬೈಕು ಅಡ್ಡ ನಿಲ್ಲಿಸಿದರು. ಅವರಲ್ಲಿ ಮೀಸೆಯವನು ಕಿಟಕಿಯೊಳಗೆ ಬಗ್ಗಿದ.

‘ಸೀರೆ ಒಳಗೆ ಏನೈತೆ ಸಾರ್?’

‘ಅಳಿಲು.’

‘ಹೋದ ಸಲ ಬಂದೋರು ಮೊಲ ಅಂದಿದ್ರು. ಟಾರ್ಪಾಲು ಎತ್ತಿದ್ರೆ ಹತ್ತು ಕೋತಿ.’

ಪೇಟೆ ಊರುಗಳಲ್ಲಿ ಕಾಟ ಕೊಡುವ ಕೋತಿಗಳನ್ನು ಯಾರೋ ಹಿಡಿಸಿ ಇತ್ತ ತಂದು ಬಿಡುತ್ತಾರಂತೆ. ಮುಚ್ಚಿದ ಪಂಜರವಿರುವ ಯಾವ ಗಾಡಿ ಬಂದರೂ ಊರಿನವರು ತಡೆಯುತ್ತಾರೆ. ಗಿರಿಜಾ ಟೀಚರ ದನಿಯಲ್ಲಿ ‘ನಾವು ಕೋತಿ ಬಿಡುವ ಹಾಗೆ ಕಾಣ್ತೀವೇನ್ರೀ?’ ಎಂದಳು. ಮೀಸೆಯವನು ನನ್ನನ್ನು ಕೊಂಚ ಹೊತ್ತು ನೋಡಿ, ಮತ್ತೆ ಸೀರೆಯ ಕಡೆ ನೋಡಿದ. ಅನುಮಾನ ತೀರಲೆಂದು ನಾನು ಸೀರೆ ಸರಿಸಿ, ಇನ್ನೂ ಚೆನ್ನಾಗಿ ಕಾಣಲಿ ಎಂದು ಪಂಜರದ ಬಾಗಿಲನ್ನು ಒಂದು ಬೆರಳಷ್ಟು ತೆರೆದೆ. ಬಾಗಿಲು ತೆಗೆಯುವ ಅಧಿಕಾರ ನನಗಿರಲಿಲ್ಲ ಎಂಬುದು ಆ ಗಳಿಗೆಯಲ್ಲಿ ಮರೆತಿತ್ತು. ೪೧/೨ ಸರ್ರನೆ ಹೊರಬಂದು, ಕಿಟಕಿಯಿಂದ ನೆಗೆದು, ಆ ಮನುಷ್ಯನ ತೋಳು ಹತ್ತಿ ಹೆಗಲ ಮೇಲೆ ಕೂತು, ಅವನ ಮೀಸೆಯನ್ನು ಮೂಸಿ ನೋಡತೊಡಗಿತು.

ಅವನು ಉಸಿರು ಬಿಗಿಹಿಡಿದು ನಿಂತ. ‘ಕಚ್ಚುತ್ತಾ ಅಮ್ಮಾ?’ ಎಂದು ತುಟಿಯಲ್ಲೇ ಕೇಳಿದ. ಆಮೇಲೆ ಅವನ ಮುಖದಲ್ಲಿ ನಿಧಾನವಾಗಿ ಒಂದು ನಗು ಹರಡಿತು. ಜೊತೆಯವನು ‘ಏನ್ಲಾ, ನಿನ್ ಹೆಂಡ್ತಿ ಬಿಟ್ರೆ ಇದೇ ಫಸ್ಟು ನೋಡು ನಿನ್ ಹತ್ರ ಬಂದಿದ್ದು’ ಎಂದ. ನಾನೂ ನಕ್ಕೆ. ಗಿರಿಜಾ ಮಾತ್ರ ನಗಲಿಲ್ಲ. ಅಳಿಲನ್ನು ಸೆರಗಿನಲ್ಲಿ ಹಿಡಿದು ಪಂಜರಕ್ಕೆ ಸೇರಿಸಿ ಚಿಲಕ ಹಾಕಿದಳು. ಕಾರು ತಿರುಗಿಸಿದ ಮೇಲೆ ಹೇಳಿದಳು: ‘ಇವನು ಒಳ್ಳೆಯವನು, ನಿಂತ. ಇನ್ನೊಬ್ಬ ಗಾಬರಿಯಾಗಿ ಕೊಡವಿ ಕಾಲಲ್ಲಿ ಹೊಸಕಿಬಿಡ್ತಾನೆ. ಮತ್ತೊಬ್ಬ ಜೇಬಿಗೆ ಹಾಕ್ಕೊಂಡು ಹೋಗ್ತಾನೆ. ಬೆಕ್ಕು ನಾಯಿ ಅಂತ ಇಷ್ಟು ದಿನ ಪಟ್ಟಿ ಮಾಡಿದ್ವಲ್ಲ, ಮನುಷ್ಯರನ್ನ ಬರೆಯೋದೇ ಮರೆತಿದ್ವಿ. ಯಾರನ್ನ ಕಂಡ್ರೂ ಹೆದರದ ಹಾಗೆ ಬೆಳೆಸಿಬಿಟ್ಟೆ ಕಣ್ರೀ ನಾನು.’ ಬೇಲೂರಿನ ಕಡೆ ಕಾರು ಓಡಿಸುತ್ತ ನಾನು ಲೆಕ್ಕ ಹಾಕಿದೆ. ಮನುಷ್ಯರು ಕಾಲಿಡದ ಜಾಗ ಬೇಕು. ಈ ಎರಡು ತಾಲ್ಲೂಕುಗಳನ್ನು ಅಂಗುಲ ಅಂಗುಲ ಅಳೆದವನಿಗೆ ಅಂಥ ಒಂದು ಜಾಗವೂ ನೆನಪಿಗೆ ಬರಲಿಲ್ಲ.

ಹಗರೆಯಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ನನ್ನ ಮುಂದೆ ನಿಂತು, ತಲೆಯಿಂದ ಕಾಲಿನವರೆಗೆ ನೋಡಿದರು. ‘ನೀವು ಸರ್ವೆ ಸಾಹೇಬ್ರಲ್ವಾ?’

ನಾನು ‘ಅಲ್ಲ’ ಎಂದೆ. ಅದೇ ಕ್ಷಣ ಗಿರಿಜಾ ‘ಹೌದು’ ಎಂದಳು.

‘ನಮ್ಮ ಹೊಲಕ್ಕೆ ಕಲ್ಲು ನೆಟ್ಟೋರು. ಆಗ ತಲೆ ತುಂಬ ಕೂದ್ಲಿತ್ತು ನಿಮಗೆ.’

‘ಎಷ್ಟೋ ಹೊಲಕ್ಕೆ ಕಲ್ಲು ನೆಟ್ಟಿದ್ದೀನಿ ತಾಯಿ.’

‘ನೆಟ್ಟಿರ್ಬೈದು. ಜಗಳ ನೆಟ್ಟಿದ್ದು ನಮ್ಮ ಹೊಲದಾಗೇ.’

ಅವರ ಹೆಸರು ನಂಜಮ್ಮ. ಬಹಳ ಹಿಂದೆ ಅವರ ಗಂಡ ಮತ್ತು ಗಂಡನ ತಮ್ಮ ರುದ್ರಣ್ಣ ಹೊಲ ಭಾಗ ಮಾಡಿಕೊಂಡಾಗ ಅಳೆದವನು ನಾನಂತೆ. ನಾನು ನೆಟ್ಟ ಕಲ್ಲು ತಪ್ಪು ಎಂದು ಒಬ್ಬರು, ಸರಿ ಎಂದು ಇನ್ನೊಬ್ಬರು ಕೋರ್ಟಿಗೆ ಹೋದರು. ತೀರ್ಮಾನವಾಗುವವರೆಗೆ ಎರಡು ಹೊಲಗಳ ನಡುವಿನ ವಿವಾದದ ನೆಲದ ಪಟ್ಟಿಗೆ ಇಬ್ಬರೂ ಕಾಲಿಡಕೂಡದು ಎಂದು ತಡೆಯಾಜ್ಞೆ ಬಂತು. ಗಂಡ ತೀರಿಕೊಂಡರು, ತಡೆಯಾಜ್ಞೆ ಇನ್ನೂ ಬದುಕಿದೆ. ‘ಬಂದು ನೋಡ್ರಿ ನೀವು ಮಾಡಿದ್ ಕೆಲ್ಸಾನ’ ಎಂದು ಕರೆದುಕೊಂಡು ಹೋದರು. ಗಿರಿಜಾ ಪಂಜರವನ್ನು ಕಾರಿನಲ್ಲಿ ಬಿಡಲೊಪ್ಪದೆ ಕೈಯಲ್ಲೇ ಹಿಡಿದು ಬಂದಳು.

ಎರಡು ಹೊಲಗಳ ನಡುವೆ ಉದ್ದಕ್ಕೂ ಒಂದು ಕಾಡು. ಆಚೆಯವರು ಬಾರದಿರಲೆಂದು ಈಚೆಯವರೂ, ಈಚೆಯವರು ಬಾರದಿರಲೆಂದು ಆಚೆಯವರೂ ಕತ್ತಾಳೆ, ಕಳ್ಳಿ, ಜಾಲಿಮುಳ್ಳು ಸೇರಿಸಿ ಎಬ್ಬಿಸಿದ ಬೇಲಿ. ನಾಯಿಯ ಮೂತಿಯೂ ತೂರುವ ಹಾಗಿಲ್ಲ. ಒಳಗೆ ಹಕ್ಕಿಗಳು ಉದುರಿಸಿದ ಬೀಜವೆಲ್ಲ ಮರವಾಗಿ ನಿಂತಿದ್ದವು. ಅತ್ತಿ, ನೇರಳೆ, ಹುಣಸೆ, ಸೀತಾಫಲ. ಕಿತ್ತವರಿಲ್ಲ, ಕಡಿದವರಿಲ್ಲ. ಕೊಂಬೆಯಿಂದ ಕೊಂಬೆಗೆ ಅಳಿಲುಗಳು ಹಾರುತ್ತಿದ್ದವು. ನಮ್ಮ ಸಪ್ಪಳ ಕೇಳಿದ್ದೇ ತಡ ಒಂದೂ ಕಾಣಲಿಲ್ಲ. ಗಿರಿಜಾ ಪಂಜರ ನೆಲಕ್ಕಿಟ್ಟು, ‘ರೀ, ಇದೇ ಜಾಗ’ ಎಂದಳು.

ನಾನು ನೋಡುತ್ತಿದ್ದುದು ಮರಗಳನ್ನಲ್ಲ, ಪಟ್ಟಿಯ ಅಗಲವನ್ನು. ಅಂದಿನ ಕಾಲಕ್ಕೆ ನಾವು ಅಳೆಯುತ್ತಿದ್ದುದು ಕಬ್ಬಿಣದ ಸರಪಳಿಯಲ್ಲಿ. ಒಂದು ಸರಪಳಿಗೆ ಮೂವತ್ತಮೂರು ಅಡಿ. ಕಣ್ಣಳತೆಗೇ ಗೊತ್ತಾಯಿತು, ಈ ಪಟ್ಟಿಯ ಅಗಲ ಸರಿಯಾಗಿ ಒಂದು ಸರಪಳಿ. ಕಣ್ಣಲ್ಲೇ ಇನ್ನೊಮ್ಮೆ ಅಳೆದೆ, ಅಷ್ಟೇ ಬಂತು.

‘ಬಿಡ್ರವ್ವ, ಎರಡಲ್ಲ ಇಪ್ಪತ್ತು ಬಿಡಿ. ನಮ್ಮ ಜಾಗ ತಾನೆ’ ಎಂದರು ನಂಜಮ್ಮ, ಆಚೆ ಹೊಲಕ್ಕೆ ಕೇಳುವಷ್ಟು ಗಟ್ಟಿಯಾಗಿ.

ಆಚೆ ಬೇಲಿಯಿಂದ ಒಂದು ಟವೆಲ್ಲು ಸುತ್ತಿದ ತಲೆ ಎದ್ದಿತು. ರುದ್ರಣ್ಣ. ‘ಯಾರ ಜಾಗದಾಗೆ ಯಾರು ಬಿಡಿ ಅನ್ನೋದು ಅತ್ತಿಗೆ? ಸಾಹೇಬ್ರೇ, ನನ್ ಜಾಗದಾಗೆ ನಾನು ಬಿಡಿ ಅಂತೀನಿ. ಈ ಕಡೆಯಿಂದ ಬನ್ನಿ, ಬೇಲಿ ತೆಗ್ದುಕೊಡ್ತೀನಿ.’

‘ಅಲ್ಲಿಂದ ಹೋದ್ರೆ ಅವನ ಸ್ವಾಧೀನ ಅಂತ ಆಯ್ತದೆ. ಇಲ್ಲಿಂದ್ಲೇ ಹೋಗಿ.’

‘ಅಲ್ಲಿಂದ ಹೋದ್ರೆ ನಾಳೆನೇ ವಕೀಲರಿಗೆ ಫೋನ್ ಮಾಡ್ತೀನಿ.’

ಪಂಜರದೊಳಗಿನ ಎರಡೂ ಹಿಂಗಾಲ ಮೇಲೆ ನಿಂತು ಇಬ್ಬರ ವಾದವನ್ನೂ ಆಲಿಸಿದವು. ಕಡೆಗೆ ನನ್ನ ಕಸುಬು ಒಂದು ಸಲ ನೆರವಿಗೆ ಬಂತು. ಪಟ್ಟಿಯ ತುದಿ ಬಂಡಿ ದಾರಿಗೆ ತಾಗುತ್ತದೆ. ಬಂಡಿ ದಾರಿ ಯಾರದೂ ಅಲ್ಲ, ಸರ್ಕಾರದ್ದು. ಅಲ್ಲಿ ಅತ್ತಿಮರದ ಒಂದು ಕೊಂಬೆ ದಾರಿಯ ಮೇಲಕ್ಕೆ ಚಾಚಿತ್ತು. ರುದ್ರಣ್ಣ ಏಣಿ ಕೊಟ್ಟರು. ಹಾಗಾದರೆ ಹಗ್ಗ ನಮ್ಮದೇ ಆಗಬೇಕು ಎಂದು ನಂಜಮ್ಮ ಹಗ್ಗ ತಂದರು. ಸರ್ಕಾರಿ ದಾರಿಯ ಮೇಲೆ, ಒಬ್ಬರ ಏಣಿ ಹತ್ತಿ ಇನ್ನೊಬ್ಬರ ಹಗ್ಗದಿಂದ ನಾನು ಪಂಜರ ಕಟ್ಟಿದೆ. ಕೊಂಬೆಯ ಮೇಲೆ ವಾಲಿ ನಿಂತು ಗಂಟು ಹಾಕುವಾಗ, ಕೆಳಗೆ ಎರಡು ಪಕ್ಷದವರೂ ಮೊದಲ ಬಾರಿಗೆ ಒಂದೇ ಮಾತು ಆಡಿದರಂತೆ: ‘ಬೀಳ್ತಾರೆ ಇವರು.’

ದಿನವೂ ಕಾಳು ಇಡುವವರು ಯಾರು ಎಂಬ ಚಿಂತೆ ನಮಗಿತ್ತು. ಅದು ಒಂದೇ ದಿನದಲ್ಲಿ ಬಗೆಹರಿಯಿತು. ಅಳಿಲಿಗೆ ಅನ್ನ ಹಾಕುವವರದೇ ಜಾಗ ಎಂದು ಯಾವ ಕಾನೂನಿನಲ್ಲಿದೆಯೋ ತಿಳಿಯದು, ನಂಜಮ್ಮ ಬೆಳಿಗ್ಗೆ ಕಡಲೆಕಾಯಿ ಇಟ್ಟರೆ ರುದ್ರಣ್ಣ ಮಧ್ಯಾಹ್ನ ಸೀಬೆಹಣ್ಣು ಇಟ್ಟರು. ನಂಜಮ್ಮ ಜೋಳದ ತೆನೆ ತಂದರೆ ರುದ್ರಣ್ಣ ಹಲಸಿನ ತೊಳೆ. ಇಬ್ಬರೂ ಗಿರಿಜಾಳಿಗೆ ಫೋನು ಮಾಡಿ ತಮ್ಮ ತಮ್ಮ ವರದಿ ಒಪ್ಪಿಸುತ್ತಿದ್ದರು. ಐದನೆಯ ದಿನ ನಾವು ಹೋದೆವು. ಗಿರಿಜಾ ಏಣಿ ಹತ್ತಿ ತಾನೇ ಚಿಲಕ ಸರಿಸಿದಳು. ೪೧/೧ ಒಂದೇ ನೆಗೆತಕ್ಕೆ ಅತ್ತಿಯ ಎಲೆಗಳೊಳಗೆ ಮಾಯವಾಯಿತು. ೪೧/೨ ಮೊದಲು ಅವಳ ಬಳೆಗಳ ಮೇಲೆ ಹತ್ತಿ, ತೋಳಿನವರೆಗೆ ಬಂದು, ಏನೋ ಯೋಚಿಸಿ, ಆಮೇಲೆ ಹೋಯಿತು. ಗಿರಿಜಾ ಇಳಿಯಲು ಬಹಳ ಹೊತ್ತು ಮಾಡಿದಳು. ಏಣಿ ಹಿಡಿದಿದ್ದ ನಾನು ಮೇಲೆ ನೋಡಲಿಲ್ಲ.

ಮುಂದೆ ಕೆಲವು ದಿನ ಮನೆಯಲ್ಲಿ ಫೋನು ಹೊಡೆದುಕೊಂಡರೆ ಅನ್ನ ಬೇಯುತ್ತಿದ್ದರೂ ಓಡುತ್ತಿದ್ದಳು. ರಾತ್ರಿ ಚಳಿ ಎಷ್ಟಿತ್ತು, ಹದ್ದು ಹಾರಿತೇ, ಎರಡೂ ಕಂಡವೇ ಎಂಬ ವಿಚಾರಣೆ. ಅವು ಇನ್ನೂ ಕೈಮೇಲೆ ಹತ್ತುತ್ತವೆ ಎಂಬ ಉತ್ತರ ಬಂದಾಗಲೆಲ್ಲ ಅವಳ ಮುಖ ಇಳಿಯುತ್ತಿತ್ತು. ಒಂದು ಬೆಳಿಗ್ಗೆ ನಂಜಮ್ಮನ ದನಿ ಫೋನಿನಿಂದ ನನ್ನ ಕುರ್ಚಿಯವರೆಗೆ ಕೇಳಿಸಿತು: ‘ಟೀಚರಮ್ಮ, ನಿನ್ ಮಕ್ಳು ಕೆಟ್ಟೋದ್ವು ಕಣವ್ವ. ಎರಡೂ ಗುಂಪು ಸೇರ್ಕೊಂಡವೆ. ಕಡಲೆಕಾಯಿ ತಗಂಡೋದ್ರೆ ನನ್ನ ಕಂಡು ಓಡೋಗ್ತವೆ!’ ಗಿರಿಜಾ ಫೋನು ಇಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ಪಾಸಾದ್ವು’ ಎಂದಳು.

ಇಲ್ಲಿಗೆ ಮುಗಿಸಿದ್ದರೆ ನನಗೂ ಒಳ್ಳೆಯ ಹೆಸರಿರುತ್ತಿತ್ತು. ಆದರೆ ಅಟ್ಟದ ಮೇಲೆ ನಾನು ಅಳತೆ ಬರೆದಿಟ್ಟ ಹಳೆಯ ಕೈಪುಸ್ತಕಗಳ ಒಂದು ಟ್ರಂಕಿದೆ. ನಾಲ್ಕು ದಿನ ಅದರ ಸುತ್ತ ಸುಳಿದಾಡಿ, ಕೊನೆಗೆ ಇಳಿಸಿ ನೋಡಿದೆ. ಹಗರೆಯ ಆ ಹೊಲದ ಪುಟ ಸಿಕ್ಕಿತು. ಸಾಲು ಸಾಲಾಗಿ ಸರಪಳಿ ಎಣಿಕೆ: ಏಳು, ಎಂಟು, ಹತ್ತು. ಒಂಬತ್ತು ಇಲ್ಲ. ಅಂದು ಎಣಿಕೆಯ ನಡುವೆ ರುದ್ರಣ್ಣನವರು ಎಳನೀರು ಕೆತ್ತಿಕೊಟ್ಟದ್ದು, ಅದು ಬಹಳ ಸಿಹಿಯಾಗಿದ್ದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅಥವಾ ಈ ಪುಟ ನೋಡಿದ ಮೇಲೆ ನೆನಪು ಅದನ್ನು ತಯಾರಿಸಿಕೊಂಡಿದೆ. ಎಳನೀರು ಇತ್ತೋ ಇಲ್ಲವೋ, ಒಂಬತ್ತಂತೂ ಇಲ್ಲ, ಅಕ್ಷರ ನನ್ನದೇ. ಎಂಟಾದ ಮೇಲೆ ಹತ್ತೆಂದು ಎಣಿಸಿದ್ದರಿಂದ ಕಲ್ಲು ಒಂದು ಸರಪಳಿ ಈಚೆಗೇ ಬಿದ್ದಿದೆ. ಇಷ್ಟು ವರ್ಷ ಎರಡು ಮನೆಗಳು ಮಾತು ಬಿಟ್ಟಿದ್ದು ನಾನು ನುಂಗಿದ ಒಂದು ಅಂಕಿಯಿಂದ.

ಪುಸ್ತಕವನ್ನು ಗಿರಿಜಾಳ ಮುಂದಿಟ್ಟೆ. ‘ನಾಳೆ ಹಗರೆಗೆ ಹೋಗಿ ಇಬ್ಬರ ಮುಂದೆಯೂ ತಪ್ಪು ನನ್ನದು ಅಂತ ಹೇಳಿಬಿಡ್ತೀನಿ. ಬೇಕಾದರೆ ಬರೆದೂ ಕೊಡ್ತೀನಿ. ವ್ಯಾಜ್ಯ ಮುಗೀಲಿ’ ಎಂದೆ. ಹೇಳುತ್ತಲೇ ಎದೆ ಹಗುರವಾಯಿತು. ಚಪ್ಪಲಿ ಹುಡುಕಲು ಎದ್ದೇಬಿಟ್ಟೆ, ನಾಳೆಯ ಚಪ್ಪಲಿಯನ್ನು ಇಂದೇ.

ಅವಳು ಆ ಪುಟವನ್ನು ಎರಡು ಸಲ ಓದಿದಳು. ‘ವ್ಯಾಜ್ಯ ಮುಗಿದ ಮೇಲೆ ಆ ಪಟ್ಟೀಲಿ ಏನು ಮಾಡ್ತಾರಂತೆ?’

‘ಯಾರದಾದರೂ ಮೊದಲ ಕೆಲಸ ಮರ ಕಡಿಸೋದಂತೆ. ಆಮೇಲೆ ತೆಂಗಿನ ಸಸಿ. ಅದೊಂದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.’

ಮದುವೆಯಾದ ವರ್ಷದಿಂದ, ನಿಮ್ಮ ತಪ್ಪನ್ನು ನೀವೇ ಬಾಯಿಬಿಟ್ಟು ಒಪ್ಪಿಕೊಳ್ಳೋದು ಯಾವತ್ತು ಎಂದು ಕೇಳುತ್ತ ಬಂದವಳು ಅವಳು. ಸಾರಿನ ಉಪ್ಪಿನಿಂದ ಹಿಡಿದು ದಾಸವಾಳದ ಬುಡದವರೆಗೆ ಅವಳು ಕಾದ ಆ ದಿನ ಇಂದು ತಾನಾಗಿ ಬಂದು ಅವಳ ಮುಂದೆ ಬರಿಗಾಲಲ್ಲಿ ನಿಂತಿತ್ತು. ಅವಳು ಕೈಪುಸ್ತಕ ಮುಚ್ಚಿ, ಅದರ ಮೇಲೆ ಕಾಫಿ ಲೋಟ ಇಟ್ಟಳು.

‘ಕೂತ್ಕೊಳ್ರೀ, ಈಗೇನು ಅವಸರ?’

ನಾನು ಕೂತೆ. ತಪ್ಪು ಒಪ್ಪಿಕೊಳ್ಳಲು ಎದ್ದ ಮನುಷ್ಯನನ್ನು ಇಷ್ಟು ಸುಲಭವಾಗಿ ಕೂರಿಸಬಹುದು ಎಂಬುದು ನನಗೂ ಅಂದೇ ಗೊತ್ತಾದದ್ದು.